ಶುಕ್ರವಾರ ಸತ್ತು ಸೋಮವಾರ ಬರುತ್ತಿದ್ದವರು

ನಾನು ಬಲ್ಲ ಒಬ್ಬ ಮಹನೀಯರು ತಮ್ಮ ಜೀವಮಾನದಲ್ಲಿ ಎಂಬತ್ತಕ್ಕೂ ಹೆಚ್ಚು ಸಲ ತೀರಿಕೊಂಡರು. ಕಳೆದ ತಿಂಗಳು ತೀರಿಕೊಂಡದ್ದೊಂದನ್ನು ಬಿಟ್ಟರೆ, ಉಳಿದ ಅಷ್ಟೂ ಸಲವೂ ತಾವೇ ಊರಿಗೆ ಬಂದು, ಬದುಕಿರುವುದಾಗಿ ಬಾಯಿಬಿಟ್ಟು ಹೇಳಿ, ಊಟ ಮುಗಿಸಿಕೊಂಡು ಹೋದರು.

ಅವರು ಚಲನಚಿತ್ರದ ನಟರು. ದೊಡ್ಡ ಹೆಸರು. ಅವರು ಹೋದ ಮಾರನೆಯ ದಿನದ ಪತ್ರಿಕೆಗಳಲ್ಲಿ ಅವರ ಕಲಾಜೀವನದ ಮೈಲಿಗಲ್ಲುಗಳನ್ನು ಕ್ರಮವಾಗಿ ಕೊಟ್ಟಿದ್ದರು. ಮೊದಲ ಚಿತ್ರ, ಇಪ್ಪತ್ತೈದನೆಯದು, ನಾಯಕನಾಗಿ ನಟಿಸಿದ್ದು, ನೂರನೆಯದು, ಪ್ರಶಸ್ತಿ, ಸನ್ಮಾನ. ಕನ್ನಡಕ ಒರೆಸಿಕೊಂಡು ಎಲ್ಲವನ್ನೂ ಭಕ್ತಿಯಿಂದ ಓದಿದೆ. ಒಂದೂ ತಪ್ಪಿರಲಿಲ್ಲ. ಆದರೆ ನಮ್ಮೂರಿನಲ್ಲಿ ಎಣಿಸುವ ಕ್ರಮವೇ ಬೇರೆ. ಬಾಣ ನಾಟಿದ ವರ್ಷ, ಹಾವು ಕಚ್ಚಿದ ವರ್ಷ, ಲಾರಿ ಹರಿದ ವರ್ಷ ಎಂದು ನಮ್ಮವರು ಹೇಳುತ್ತಾರೆ. ನಮ್ಮ ಎದುರುಮನೆಯ ಕಾಳಣ್ಣನ ಮಗಳ ಮದುವೆ ಯಾವಾಗ ಆಯಿತೆಂದು ಕೇಳಿದರೆ, ಅವನು ಈಗಲೂ ಕೊಡುವ ಉತ್ತರ ಇದು: “ಅವ್ರು ಎಲ್ಡನೇ ಕಿತ ನೀರಲ್ಲಿ ಮುಳುಗಿದ್ರಲ್ಲ, ಆ ವರ್ಸ ಕಣ್ ಮೇಷ್ಟ್ರೇ.”

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿಲ್ಲ, ಸಂಕೋಚವೂ ಇಲ್ಲ. ಮಗನ ಹೆಸರೂ ಸಾವೆಂಬ ಮಾತೂ ಒಂದೇ ಉಸಿರಿನಲ್ಲಿ ಬರಕೂಡದೆಂಬುದು ಅವರ ತಾಯಿಯ ಕಟ್ಟಪ್ಪಣೆಯಾಗಿತ್ತು. ಈ ಬರಹದಲ್ಲಿ ಎರಡನೆಯದನ್ನು ಬಿಡಲು ಬರುವುದಿಲ್ಲವಾದ್ದರಿಂದ ಮೊದಲನೆಯದನ್ನು ಬಿಟ್ಟಿದ್ದೇನೆ. ಆ ತಾಯಿ ಈಗಿಲ್ಲ. ಅಪ್ಪಣೆ ಇದೆ.

ಮಳವಳ್ಳಿಗೂ ಭಾರತೀನಗರಕ್ಕೂ ನಡುವೆ, ನಾಲೆಯ ಬದಿಯಲ್ಲಿ ನಮ್ಮ ಊರು. ಅಲ್ಲಿಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಂಡಿತನಾಗಿದ್ದೆ; ಜೊತೆಗೆ ಪಿತ್ರಾರ್ಜಿತವಾಗಿ ಬಂದ ನರಸಿಂಹಸ್ವಾಮಿಯ ಪೂಜೆ. ನಾನು ಕೆಲಸಕ್ಕೆ ಸೇರಿದ ವರ್ಷ ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಎತ್ತರದ ಹುಡುಗ ಕೂರುತ್ತಿದ್ದ. ದಟ್ಟ ಹುಬ್ಬು, ತಿರುಗಿಸಿದರೆ ತರಗತಿಯೇ ತಿರುಗಿ ನೋಡುವಂಥ ಕಣ್ಣು. ಬಲಮೂಗಿನ ಹೊಳ್ಳೆಯಲ್ಲಿ ಒಂದು ಸಣ್ಣ ತೂತು. ಅವನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ತೊಟ್ಟಿಲು ದಾಟಿರಲಿಲ್ಲ. ಮೂರನೆಯದು ಉಳಿಯಲೆಂದು ತಾಯಿ ಅದನ್ನು ತಿಪ್ಪೆಯ ಮೇಲೆ ಹೊರಳಿಸಿ, ಮೂಗು ಚುಚ್ಚಿಸಿ, ಊರ ದೇವರಿಗೂ ನನ್ನ ದೇವರಿಗೂ ಪ್ರತ್ಯೇಕ ಹರಕೆ ಹೊತ್ತು ಕಾಪಾಡಿಕೊಂಡಿದ್ದಳು. ಮುಂದೆ ಆ ತೂತನ್ನು ಮೇಣದಿಂದ ಮುಚ್ಚುವುದು ಪ್ರಸಾಧನದವರಿಗೆ ನಿತ್ಯದ ಕೆಲಸವಾಯಿತು. ಮುಖವನ್ನು ಹತ್ತಿರದಿಂದ ತೋರಿಸುವ ದೃಶ್ಯಗಳಲ್ಲಿ ನಾನು ಮೊದಲು ನೋಡುತ್ತಿದ್ದುದು ಆ ಹೊಳ್ಳೆಯನ್ನೇ.

ಶಾಲಾ ವಾರ್ಷಿಕೋತ್ಸವಕ್ಕೆ ನಾನೊಂದು ನಾಟಕ ಬರೆದಿದ್ದೆ. ಅದರಲ್ಲಿ ಅವನು ವೃದ್ಧ ಸೇನಾಪತಿ. ಮೂರನೆಯ ಅಂಕದಲ್ಲಿ ಖಡ್ಗದ ಏಟು ತಿಂದು, ಎಂಟು ಸಾಲಿನ ನುಡಿ ನುಡಿದು ಪ್ರಾಣ ಬಿಡಬೇಕು. ನಾನು ಬರೆದದ್ದು ಎಂಟು ಸಾಲು. ಅವನು ಸತ್ತದ್ದು ಹದಿನೈದು ನಿಮಿಷ. ಮಧ್ಯಾಹ್ನದ ಬಿಸಿಲಿನಲ್ಲಿ ಕುಳಿತಿದ್ದ ಊರೆಲ್ಲ ಸದ್ದಿಲ್ಲದೆ ನೋಡುತ್ತಿತ್ತು. ಹಾಗಿರುವಾಗ ಹೆಂಗಸರ ಸಾಲಿನಿಂದ ಅವನ ತಾಯಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರವಾಗಿ ರಂಗದ ಮೇಲೆ ಹತ್ತಿದಳು.

“ಯಾವನ್ಲಾ ಅವ್ನು, ನನ್ ಮಗನ್ಗೆ ಚುಚ್ಚಿದೋನು?”

ರಟ್ಟಿನ ಖಡ್ಗ ಹಿಡಿದಿದ್ದ ಶತ್ರುರಾಜ ಅದನ್ನು ಅಲ್ಲೇ ಬಿಸಾಡಿ ಓಡಿದ. ತಾಯಿ ಮಗನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಆಗ ಸೇನಾಪತಿ ಕಣ್ಣು ತೆರೆಯದೆ, ತುಟಿಯನ್ನೂ ಹೆಚ್ಚು ಅಲುಗಿಸದೆ ಹೇಳಿದ:

“ಓಗವ್ವ, ನಾನ್ ಸತ್ತಿದೀನಿ.”

ಆ ದಿನವೇ ನನಗೆ ತಿಳಿಯಿತು, ಇವನು ಸಾಮಾನ್ಯ ನಟನಲ್ಲವೆಂದು. ತಾಯಿ ಬಂದು ಅಲುಗಿಸಿದರೂ ಪಾತ್ರ ಬಿಟ್ಟು ಏಳದವನು! ಇನ್ನು ಮುಂದೆ ಅವರನ್ನು ಬಹುವಚನದಲ್ಲಿಯೇ ಸ್ಮರಿಸುತ್ತೇನೆ. ಅವರು ಮುಟ್ಟಿದ ಎತ್ತರಕ್ಕೆ ಅದು ಸಲ್ಲಬೇಕಾದ ಗೌರವ.

ಕಾಲೇಜು ಅರ್ಧಕ್ಕೆ ಬಿಟ್ಟು ಬೆಂಗಳೂರು ಸೇರಿದರು. ಎರಡು ವರ್ಷದ ಮೇಲೆ ಮೊದಲ ಚಿತ್ರ ಬಂದಿತು. ಎದೆಗೆ ಬಾಣ ನಾಟಿ ಕೋಟೆಯ ಮೇಲಿನಿಂದ ಬೀಳುವ ಸೈನಿಕನ ಪಾತ್ರ. ಪರದೆಯ ಮೇಲೆ ಅರ್ಧ ನಿಮಿಷವೂ ಇಲ್ಲ. ಊರಿನ ಹೆಂಗಸರು ಆ ತಾಯಿಯನ್ನು ಸಂಭ್ರಮದಿಂದ ಮಳವಳ್ಳಿಯ ಟಾಕೀಸಿಗೆ ಕರೆದುಕೊಂಡು ಹೋದರು. ಹಿಂದಕ್ಕೆ ಎತ್ತಿಕೊಂಡು ಬಂದರೆಂದೇ ಹೇಳಬೇಕು. ಎರಡು ದಿನ ಆಕೆ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ನಾನು ಪೂಜೆ ಮುಗಿಸಿ ತೀರ್ಥ ಕೊಡುತ್ತಿರುವಾಗ ಗುಡಿಯ ಮುಂದೆ ಬಂದು ನಿಂತಳು.

“ಮೇಷ್ಟ್ರೇ, ಸುಳ್ಳು ಅಂತ ನಂಗೂ ಗೊತ್ತು. ಒಟ್ಟೆ ಕೇಳಾಕಿಲ್ಲ. ಎಲ್ಡು ಮಕ್ಕಳನ್ನ ಮಣ್ಗಾಕಿದೀನಿ. ಮೂರನೇದು ಕಣ್ಮುಂದೇನೇ ಬಿದ್ದೋದ. ದೇವ್ರು ನೋಡ್ಕಂಡು ದಿಟ ಮಾಡ್ಬುಟ್ರೆ?”

ನಾನು ಕಾವ್ಯ, ವ್ಯಾಕರಣ, ಅಲಂಕಾರ ಓದಿದವನು. ಆಕೆಯ ಪ್ರಶ್ನೆಗೆ ಯಾವ ಗ್ರಂಥದಲ್ಲಿಯೂ ಉತ್ತರ ಸಿಕ್ಕಲಿಲ್ಲ. ಗುಡಿಯ ಪ್ರಾಕಾರದ ಮೇಲೆ ಒಂದು ಕಾಗೆ ಕುಳಿತಿತ್ತು. ಅದನ್ನು ಕಂಡು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಅಮ್ಮಾ, ಕಾಗೆ ಯಾರದಾದರೂ ತಲೆ ಮುಟ್ಟಿದರೆ ನೀವೇನು ಮಾಡುತ್ತೀರಿ?”

“ಮುಟ್ಟುಸ್ಕಂಡೋರು ಸತ್ತೋದ್ರು ಅಂತ ನೆಂಟ್ರಿಗೆ ಸುದ್ದಿ ಕಳಿಸ್ತೀವಿ. ಅವ್ರು ಗೋಳೋ ಅಂತ ಅತ್ರೆ ಕಂಟಕ ಕಳೀತದೆ. ಆಯಸ್ಸು ಗಟ್ಟಿ ಆಯ್ತದೆ.”

“ಎಷ್ಟು ಜನ ನೆಂಟರು ಅಳುತ್ತಾರೆ?”

“ಇದ್ರೆ ಇಪ್ಪತ್ತು ಜನ.”

“ಈಗ ನಿಮ್ಮ ಮಗನಿಗಾಗಿ ಮಂಡ್ಯದಲ್ಲಿ, ಮದ್ದೂರಿನಲ್ಲಿ, ಮೈಸೂರಿನಲ್ಲಿ ಸಾವಿರಾರು ಜನ ಟಿಕೆಟು ಕೊಂಡು ಅಳುತ್ತಿದ್ದಾರೆ. ಆಯುಸ್ಸು ಎಷ್ಟು ಗಟ್ಟಿಯಾಗಬೇಕು, ನೀವೇ ಯೋಚಿಸಿ.”

ವಾಸ್ತವವಾಗಿ ಆ ಸೈನಿಕನಿಗಾಗಿ ಆಕೆಯ ಹೊರತು ಮತ್ತಾರೂ ಅತ್ತಿರಲಾರರು. ದೇವರ ಸನ್ನಿಧಿಯಲ್ಲಿ ಆಡಿದ ಆ ಉತ್ಪ್ರೇಕ್ಷೆಗೆ ಅಂದು ಸಂಜೆ ನೂರೆಂಟು ಗಾಯತ್ರಿ ಹೆಚ್ಚಿಗೆ ಜಪಿಸಿದೆ. ಆಕೆ ಮಾತ್ರ ಕಣ್ಣೊರೆಸಿಕೊಂಡಳು. ಅನಂತರ ನಾನು ಯೋಚಿಸದೆ ಬಿಟ್ಟಿದ್ದ ಇನ್ನೊಂದು ಅರ್ಧವನ್ನು ಎತ್ತಿದಳು.

“ಸರಿ ಮೇಷ್ಟ್ರೇ. ಆದ್ರೆ ಸುದ್ದಿ ಕಳಿಸ್ದೋರು ಆಮ್ಯಾಕೆ ಓಗಿ ‘ಸುಳ್ಳು, ಬದ್ಕವ್ರೆ’ ಅಂತ ಏಳ್ಬೇಕಲ್ಲ? ಏಳ್ದೇ ಇದ್ರೆ ಕಟ್ಟಿದ್ ಸುದ್ದಿ ಕಟ್ಟಿದಂಗೇ ಉಳ್ಕತದೆ. ಸಿನಿಮಾದೋರು ಬಂದು ಏಳ್ತಾರಾ?”

ತೀರ್ಮಾನವನ್ನು ಆಕೆಯೇ ಕೊಟ್ಟಳು: “ಅವ್ನೇ ಬರ್ಲಿ.”

ಹೀಗೆ ಒಂದು ಸಂಪ್ರದಾಯ ಹುಟ್ಟಿತು. ಚಿತ್ರ ಬಿಡುಗಡೆಯಾಗುವುದು ಶುಕ್ರವಾರ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಾದ್ದರಿಂದ ಊರೆಲ್ಲ ಮನೆಯಲ್ಲೇ ಇರುತ್ತದೆ, ಸಾಕ್ಷಿಗೆ ಅನುಕೂಲ. ತಾವು ಸಾಯುವ ಚಿತ್ರ ತೆರೆಗೆ ಬಂದ ಮೊದಲ ಸೋಮವಾರ ಅವರು ಹನ್ನೊಂದು ಗಂಟೆಗೆ ಬರಬೇಕು. ಮೊದಮೊದಲು ಕೆಂಪು ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬಂದರು. ಅನಂತರ ಬಾಡಿಗೆ ಕಾರು, ಕೊನೆಕೊನೆಗೆ ನಮ್ಮ ಬೀದಿಯಲ್ಲಿ ತಿರುಗಿಸಲಾಗದಷ್ಟು ಉದ್ದನೆಯ ಕಾರು. ವಾಹನ ಬದಲಾಯಿತು, ವಿಧಿ ಬದಲಾಗಲಿಲ್ಲ. ಹೊಸ್ತಿಲ ಹೊರಗೆ ನಿಂತು ಕೂಗಬೇಕು:

“ಅವ್ವ, ಸುಳ್ಳು ಕಣವ್ವ. ಬದ್ಕಿದೀನಿ.”

ಬಾಗಿಲ ಹಿಂದೆಯೇ ಬೆಳಗಿನಿಂದ ಕಾದು ನಿಂತಿರುತ್ತಿದ್ದ ತಾಯಿ, “ಯಾರ್ಲಾ ಅದು?” ಎಂದು ಕೇಳುತ್ತಿದ್ದಳು. ಅವರು ಮತ್ತೊಮ್ಮೆ ಹೇಳಬೇಕು. ಆಗ ಹಿತ್ತಾಳೆಯ ಚೊಂಬಿನಿಂದ ಕಾಲಿಗೆ ನೀರು, ಸೆರಗಿನಿಂದ ಮುಖಕ್ಕೆ ಒಂದು ಒರಸು, ಅನಂತರ, ಸೋಮವಾರವೆಂಬುದನ್ನು ಆ ಒಂದು ದಿನದ ಮಟ್ಟಿಗೆ ಬದಿಗಿಟ್ಟು, ನಾಟಿಕೋಳಿ ಸಾರು ಮತ್ತು ಮುದ್ದೆ. ಈ ಶಾಸ್ತ್ರದ ಪ್ರವರ್ತಕನೆಂಬ ಕಾರಣಕ್ಕೆ ನನ್ನನ್ನೂ ಕರೆಯುತ್ತಿದ್ದರು. ಸಾರಿನ ಪರಿಮಳ ಮೂಗಿಗೆ ತಾಗದಷ್ಟು ದೂರದ ಜಗಲಿಯಲ್ಲಿ ನನಗೊಂದು ಚಾಪೆ, ಎರಡು ಎಳನೀರು.

ಕ್ರಮೇಣ ತಾಯಿಯ ಹೆದರಿಕೆ ಒಂದು ಬಗೆಯ ಪಾಂಡಿತ್ಯವಾಗಿ ಮಾರ್ಪಟ್ಟಿತು. ಅವರ ಇಪ್ಪತ್ತೈದನೆಯ ಚಿತ್ರದಲ್ಲಿ ಹೊಳೆಯಲ್ಲಿ ಮುಳುಗುವ ದೃಶ್ಯವಿತ್ತು. ಚಿತ್ರೀಕರಣ ಮುತ್ತತ್ತಿಯಲ್ಲಿ. ನಾನು ಆಂಜನೇಯನ ದರ್ಶನದ ನೆಪದಲ್ಲಿ ಹೋಗಿದ್ದೆ. ಆಕೆ ಯಾವ ನೆಪವೂ ಇಲ್ಲದೆ ಬಂದಿದ್ದಳು. ಮಗ ಎರಡು ಸಲ ಕೈಯೆತ್ತಿ ಕಾವೇರಿಯಲ್ಲಿ ಮರೆಯಾದರು. ನಿರ್ದೇಶಕರು ತೃಪ್ತರಾಗಿ ಕೈ ತಟ್ಟಿದರು. ದಡದ ಬಂಡೆಯ ಮೇಲೆ ಕುಳಿತು ಎಲೆ ಅಡಿಕೆ ಜಗಿಯುತ್ತಿದ್ದ ತಾಯಿ ಮಾತ್ರ ತಲೆ ಅಲ್ಲಾಡಿಸಿದಳು.

“ಸ್ವಾಮೀ, ಇಷ್ಟಕ್ಕೆಲ್ಲ ಯಾರ್ ಅತ್ತಾರು? ಬುರ್ರಂತ ಮುಳುಗ್ಬುಟ್ಟ. ಒಸಿ ತಿರುಗಿ ಮನೆ ಕಡೀಕೆ ನೋಡ್ಲಿ. ಇನ್ನೊಂದು ಕಿತ ಸಾಯ್ಲಿ.”

ನಿರ್ದೇಶಕರು ನನ್ನ ಮುಖ ನೋಡಿದರು. ನಾನು ಆಂಜನೇಯನ ಗೋಪುರ ನೋಡಿದೆ. ಏನನ್ನಿಸಿತೋ, ಇನ್ನೊಂದು ಸಲ ತೆಗೆದರು. ಆ ಎರಡನೆಯ ಸಾವು, ಮುಳುಗುವ ಮುನ್ನ ದಡದತ್ತ ತಿರುಗಿ ನೋಡುವ ಆ ನೋಟ, ಅವರಿಗೆ ಮೊದಲ ಹೆಸರು ತಂದುಕೊಟ್ಟಿತು. ಮಂಡ್ಯದ ಟಾಕೀಸಿನಲ್ಲಿ ಗಂಡಸರು ಟವೆಲಿನಲ್ಲಿ ಮುಖ ಮುಚ್ಚಿಕೊಂಡದ್ದನ್ನು ನಾನೇ ಕಂಡೆ. ಮುಂದಿನ ಸೋಮವಾರ ಜಗಲಿಯಲ್ಲಿ ಅವರು ನನ್ನ ಕಿವಿಯಲ್ಲಿ ಹೇಳಿದರು: “ಮೇಷ್ಟ್ರೇ, ಅವತ್ತು ಮನೆ ಕಡೆ ನೋಡು ಅಂದ್ಲಲ್ಲ, ಮನೆ ಎಲ್ಲಿ ಕಾಣ್ತದೆ? ಅವ್ವ ಕೂತಿದ್ಲು, ಅವ್ಳನ್ನೇ ನೋಡ್ದೆ.”

ಇಷ್ಟಾದ ಮೇಲೆ ನಿಜವಾದ ಸಂಕಟ ಬಂದದ್ದು ಅವರು ನಾಯಕರಾದಾಗ. ನಾಯಕ ಸಾಯುವುದಿಲ್ಲ. ಒಳ್ಳೆಯದನ್ನು ಮಾಡಿ, ಹಾಡು ಹೇಳಿ, ಕೊನೆಯಲ್ಲಿ ಮದುವೆಯಾಗುತ್ತಾನೆ. ಚಿತ್ರೀಕರಣ ಮುಗಿಯುವ ಮೊದಲೇ ಊರೆಲ್ಲ ಪಟಾಕಿ ತಂದಿಟ್ಟುಕೊಂಡಿತ್ತು. ತಾಯಿ ಮಾತ್ರ ಗುಡಿಗೆ ಬಂದು ಕಂಬಕ್ಕೊರಗಿ ಕುಳಿತಳು.

“ಈ ಸಲ ಒಬ್ರೂ ಅಳಾಕಿಲ್ವಂತೆ ಮೇಷ್ಟ್ರೇ. ನಗ್ ನಗ್ತಾ ಎದ್ದು ಬತ್ತಾರಂತೆ. ಇಷ್ಟ್ ಜನದ ಕಣ್ಣು ಬೇರೆ ಬೀಳ್ತದೆ. ಇದೇನ್ ಗ್ರಾಚಾರ!”

“ಅಮ್ಮಾ, ಮಗ ಬದುಕುವ ಚಿತ್ರವಲ್ಲವೇ, ಸಂತೋಷಪಡಿ.”

“ನೀವೇ ತಾನೆ ಏಳಿದ್ದು?” ಎಂದಳು. ನಾನು ಮತ್ತೆ ಗಾಯತ್ರಿಗೆ ಶರಣಾದೆ.

ಆ ಚಿತ್ರದ ನಿರ್ಮಾಪಕರು ಒಂದು ದಿನ ನಾಯಕರ ಮನೆಗೆ ಊಟಕ್ಕೆ ಬಂದರು. ಬಿಳಿ ಬಟ್ಟೆ, ಎರಡು ಉಂಗುರ, ವಿನಯವಂತರು. ಎರಡನೆಯ ಮುದ್ದೆ ಬಡಿಸುತ್ತಾ ತಾಯಿ ಕೈ ತಡೆದಳು.

“ಸ್ವಾಮೀ, ಒಂದು ಮಾತು. ನನ್ ಮಗನ್ನ ಒಸಿ ಸಾಯಿಸ್ಬೇಕು.”

ನಿರ್ಮಾಪಕರ ಗಂಟಲಿನಲ್ಲಿ ಮುದ್ದೆ ನಿಂತಿತು. ಮುದ್ದೆಯನ್ನು ಜಗಿಯಬಾರದೆಂಬುದೂ ಅವರಿಗೆ ತಿಳಿದಿರಲಿಲ್ಲ. ಮನೆಯವರು ನೀರು ಕುಡಿಸಿ, ಬೆನ್ನು ತಟ್ಟಿದ ಮೇಲೆ ವಿಷಯವನ್ನು ನಾನು ಜಗಲಿಯಿಂದಲೇ ನಿವೇದಿಸಿದೆ.

“ಅಮ್ಮಾ, ಹೀರೋ ಸತ್ತರೆ ಜನ ಕುರ್ಚಿ ಮುರಿಯುತ್ತಾರೆ!”

“ಕೊನೇಲಿ ಬ್ಯಾಡ. ಮಧ್ಯದಲ್ಲಿ ಒಂದು ಕಿತ ಸಾಯಿಸ್ಬುಟ್ಟು, ಆಮ್ಯಾಕೆ ಎಬ್ಬುಸ್ಕಳಿ.”

ಮಗ ತಲೆಯೆತ್ತದೆ ಮೂಳೆ ಚೀಪುತ್ತಿದ್ದರು. ನಿರ್ಮಾಪಕರು ತಮ್ಮತ್ತ ನೋಡಿದಾಗ ಅವರು ಒಂದೇ ಮಾತು ಹೇಳಿದರು: “ಅವ್ವ ಏಳ್ದಂಗೆ ಮಾಡ್ಬುಡಿ ಸಾರ್. ಇಲ್ದಿದ್ರೆ ನಂಗೆ ಡೇಟ್ಸ್ ಇಲ್ಲ.” ಆ ಹಂತದಲ್ಲಿ ಅಂಥ ಮಾತಾಡುವುದೆಂದರೆ ದೊರೆತ ಪೀಠವನ್ನು ಕಾಲಿನಿಂದ ಒದ್ದಂತೆ, ಅದು ಅವರಿಗೂ ಗೊತ್ತಿತ್ತು.

ಹಾಗೆ ಹುಟ್ಟಿದ್ದು ಆ ಚಿತ್ರದ ನಡುವಿನ ಸ್ವಪ್ನದೃಶ್ಯ. ನಾಯಕಿಗೆ ಕನಸು ಬೀಳುತ್ತದೆ. ಕನಸಿನಲ್ಲಿ ನಾಯಕ ಸಾಯುತ್ತಾನೆ. ಬಿಳಿಯ ಹೊಗೆ, ವೀಣೆ. ಕಥೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ವಿಮರ್ಶಕರು ಅದರಲ್ಲಿ ಮಹತ್ತಾದ ದರ್ಶನವನ್ನು ಕಂಡರು. ಜೀವನದ ಕ್ಷಣಭಂಗುರತೆಯ ಧ್ವನಿಯೆಂದು ಒಬ್ಬರು, ಅಹಂಕಾರದ ಸಾವೆಂದು ಇನ್ನೊಬ್ಬರು. ಮೈಸೂರಿನ ಒಂದು ವಿಚಾರಸಂಕಿರಣದಲ್ಲಿ ಅದರ ಮೇಲೆ ಪ್ರಬಂಧ ಓದಿದರು. ನಾನು ಮೂರನೆಯ ಸಾಲಿನಲ್ಲಿ ಕುಳಿತು ಕೇಳಿ, ಚಪ್ಪಾಳೆಯನ್ನೂ ತಟ್ಟಿದೆ. ಅದರ ಮೂಲ ಎರಡನೆಯ ಮುದ್ದೆಯಲ್ಲಿದೆಯೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಇನ್ನೊಂದು ಪ್ರಸಂಗ. ಅವರಿಗೆ ಒಂದು ದೊಡ್ಡ ಪ್ರಶಸ್ತಿ ಬಂದಿತ್ತು. ಸಮಾರಂಭ ಸೋಮವಾರ ಬೆಳಿಗ್ಗೆ. ದುರ್ದೈವಕ್ಕೆ ಹಿಂದಿನ ಶುಕ್ರವಾರವಷ್ಟೇ ಅವರು ಹಾವು ಕಚ್ಚಿ ಸತ್ತಿದ್ದರು. ವೇದಿಕೆಯ ಮೇಲೆ ಅವರ ಕುರ್ಚಿ ಖಾಲಿ ಉಳಿಯಿತು. ಕಲಾವಿದನ ಸ್ವಾಭಿಮಾನವೆಂದು ಒಂದು ಪತ್ರಿಕೆ ಹೊಗಳಿತು, ಅಹಂಕಾರವೆಂದು ಇನ್ನೊಂದು ತೆಗಳಿತು, ವ್ಯವಸ್ಥೆಯ ವಿರುದ್ಧ ಮೌನ ಪ್ರತಿಭಟನೆಯೆಂದು ಮೂರನೆಯದು ಸಂಪಾದಕೀಯ ಬರೆಯಿತು. ಆ ಹೊತ್ತಿನಲ್ಲಿ ಪ್ರತಿಭಟನಕಾರರು ನಮ್ಮೂರಿನ ಹೊಸ್ತಿಲ ಹೊರಗೆ ಬರಿಗಾಲಲ್ಲಿ ನಿಂತು, “ಸುಳ್ಳು ಕಣವ್ವ” ಎನ್ನುತ್ತಿದ್ದರು.

ತಾಯಿ ತೊಂಬತ್ತು ದಾಟಿ, ಮೊಮ್ಮಕ್ಕಳು ಮರಿಮಕ್ಕಳ ನಡುವೆ, ಒಂದು ಮುಂಜಾನೆ ಸುಖವಾಗಿ ಹೋದಳು. ಅವರು ಬೆಂಗಳೂರಿನಿಂದ ಬಂದು ಇಳಿದಾಗ ಊರೆಲ್ಲ ಸೇರಿತ್ತು. ಪರದೆಯ ಮೇಲೆ ಎಷ್ಟು ಬಗೆಯಲ್ಲಿ ಅತ್ತವರು ಇಂದು ಹೇಗೆ ಅಳುವರೋ ಎಂದು ನೋಡಲು ಬಂದವರೂ ಇದ್ದರು. ಅವರು ಅಳಲಿಲ್ಲ. ರೂಢಿಯಂತೆ ಹೊಸ್ತಿಲ ಹೊರಗೇ ನಿಂತು, ಒಳಗೆ ಮಲಗಿಸಿದ್ದ ತಾಯಿಯನ್ನು ನೋಡಿ ಮೆಲ್ಲಗೆ ಹೇಳಿದರು:

“ಅವ್ವ, ಈಗ ನೀನ್ ಏಳವ್ವ, ಸುಳ್ಳು ಅಂತ.”

ಬಹಳ ಹೊತ್ತು ನಿಂತಿದ್ದರು. ಕಾಲಿಗೆ ನೀರು ಕೊಡಬೇಕೆಂಬುದು ಆ ಗಲಾಟೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಮುಂದೆ, ತಾವು ಸತ್ತ ಚಿತ್ರಗಳ ಸೋಮವಾರ ಅವರು ನನ್ನ ಬಾಗಿಲಿಗೆ ಬರತೊಡಗಿದರು. “ಮೇಷ್ಟ್ರೇ, ಸುಳ್ಳು. ಬದ್ಕಿದೀನಿ.” ನಾನು ಚೊಂಬು ಕೊಡುತ್ತಿದ್ದೆ, ನಮ್ಮ ಮನೆಯಾಕೆ ಹುಳಿ, ಅನ್ನ, ಹಪ್ಪಳ ಬಡಿಸುತ್ತಿದ್ದಳು. “ಮೇಷ್ಟ್ರ ಮನೇಲಿ ಬರೀ ಉಳಿ ಅನ್ನ ಅಂತ ಸಾಯೋದೇ ಕಮ್ಮಿ ಮಾಡಿದೀನಿ” ಎಂದು ಅವರು ನಗುತ್ತಿದ್ದರು. ಅಂಥ ಒಂದು ದಿನ ಕೈತೊಳೆದು ಬಂದು ಕೇಳಿದರು:

“ಅವತ್ತು ಕಾಗೆ ವಿಚಾರ ಏಳಿದ್ರಲ್ಲ. ಅದು ಯಾವ ಗ್ರಂಥದಲ್ಲಿದೆ ಮೇಷ್ಟ್ರೇ?”

ನಲವತ್ತು ವರ್ಷ ಎದೆಯಲ್ಲಿ ಹೊತ್ತದ್ದನ್ನು ಇಳಿಸಿದೆ. “ಯಾವುದರಲ್ಲಿಯೂ ಇಲ್ಲಪ್ಪ. ಕಾಗೆ ಕಂಡಿತು, ಹೇಳಿಬಿಟ್ಟೆ.”

“ಅವ್ವಂಗೆ ಅವತ್ತೇ ಗೊತ್ತಿತ್ತು.”

“ಹೇಗೆ?”

“ಮೇಷ್ಟ್ರು ಏನೇ ಏಳಿದ್ರೂ ಒಂದು ಸ್ಲೋಕ ಸೇರಿಸ್ತಾರೆ, ಅವತ್ತು ಸೇರಿಸ್ನಿಲ್ಲ, ತಮ್ ಕೈಯಿಂದ್ಲೇ ಆಕಿ ಏಳವ್ರೆ ಅಂದ್ಲು.”

ನಾನು ಬೆರಗಾದೆ. “ಗೊತ್ತಿದ್ದೂ ಇಷ್ಟೆಲ್ಲ ಮಾಡಿಸಿದರೇ?”

“ನಾನೂ ಕೇಳ್ದೆ. ‘ಬುಡ್ಲಾ, ಸತ್ರೆ ತಾನೆ ನೀನು ಮನೇಗೆ ಬರೋದು’ ಅಂದ್ಲು.”

ಇತ್ತೀಚಿನ ವರ್ಷಗಳಲ್ಲಿ ಅವರನ್ನು ಕೊಲ್ಲುವ ಕೆಲಸವನ್ನು ವಾಟ್ಸಾಪು ವಹಿಸಿಕೊಂಡಿತ್ತು. ಹಾರ ಹಾಕಿದ ಅವರ ಭಾವಚಿತ್ರ ಎರಡು ಸಲ ಫೋನಿನಿಂದ ಫೋನಿಗೆ ಓಡಾಡಿತು. ಬೇರೆಯವರಾಗಿದ್ದರೆ ಪೊಲೀಸರಿಗೆ ದೂರು ಕೊಡುತ್ತಿದ್ದರು, ಇವರು ಹಿಗ್ಗಿದರು. “ಅವ್ವ ಇದ್ದಿದ್ರೆ ಅಬ್ಬ ಮಾಡೋಳು ಮೇಷ್ಟ್ರೇ. ಪುಗಸಟ್ಟೆ ಆಯಸ್ಸು!” ಎರಡು ಸಲವೂ, ಮಂಡಿನೋವಿನ ನಡುವೆಯೂ, ಸೋಮವಾರ ಬಂದರು.

ಕಳೆದ ತಿಂಗಳು ಸುದ್ದಿ ಬಂದಾಗ ಶುಕ್ರವಾರವೇ ಆಗಿತ್ತು. ಕಾಳಣ್ಣ ಫೋನು ಹಿಡಿದು ನಗುತ್ತಲೇ ಬಂದ: “ಮತ್ತೆ ಸತ್ತವ್ರೆ ನೋಡಿ ಮೇಷ್ಟ್ರೇ. ಸೋಮಾರಕ್ಕೆ ಉಳಿ ಜಾಸ್ತಿ ಮಾಡ್ಸಿ.” ಸಂಜೆಯ ಹೊತ್ತಿಗೆ ಟಿ.ವಿ.ಯಲ್ಲಿ ಹೂವಿನ ವಾಹನವನ್ನೂ ಜನಸಾಗರವನ್ನೂ ತೋರಿಸಿದರು. ಶನಿವಾರ ಬೆಂಗಳೂರಿನಲ್ಲಿಯೇ ಎಲ್ಲ ಮುಗಿಯಿತು. ನಾನು ಸ್ನಾನ ಮಾಡಿ, ಅವರ ಸದ್ಗತಿಗಾಗಿ ಸ್ವಾಮಿಗೆ ಒಂದು ದೀಪ ಹಚ್ಚಿದೆ.

ನಾನು ಶಾಸ್ತ್ರ ಓದಿದವನು. ಹೋದವರು ಬರುವುದಿಲ್ಲವೆಂದು ಎಷ್ಟು ಮನೆಗಳಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ! ಆದರೂ ಸೋಮವಾರ ಹತ್ತೂವರೆಗೆ ಜಗಲಿಗೆ ಬಂದು ಕುಳಿತೆ. ಕಾಳಣ್ಣ ಆಗಲೇ ಬಂದು ಕಂಬದ ಪಕ್ಕ ಕುಳಿತಿದ್ದ. ಆಮೇಲೆ ಒಬ್ಬೊಬ್ಬರಾಗಿ ಏಳೆಂಟು ಜನ ಬಂದರು. ಯಾಕೆ ಬಂದೆವೆಂದು ಯಾರೂ ಹೇಳಲಿಲ್ಲ. ಕಬ್ಬಿನ ದರ, ನಾಲೆಯ ನೀರು, ಅದೂ ಇದೂ ಮಾತಾಡಿದೆವು. ಹನ್ನೊಂದಾಯಿತು. ರಸ್ತೆಯಲ್ಲಿ ಒಂದು ಬಸ್ಸು ನಿಂತು ಹೋಯಿತು; ಎಲ್ಲರ ಕತ್ತೂ ಆ ಕಡೆ ತಿರುಗಿ, ಯಾರೂ ನೋಡಲೇ ಇಲ್ಲವೆಂಬಂತೆ ಮರಳಿ ಬಂದಿತು.

ಒಳಗಿನಿಂದ ಮನೆಯಾಕೆ ಕೇಳಿದಳು: “ಏನ್ರೀ, ಬಾಗಿಲಲ್ಲಿ ಚೊಂಬು ಇಟ್ಟೋರು ಯಾರು?”

“ನೀನಲ್ಲವೇ?” ಎಂದೆ.

ಹನ್ನೆರಡರ ಹತ್ತಿರ ಕಾಳಣ್ಣ ಎದ್ದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಈ ಕಿತ ದಿಟ ಅಂತ ಕಾಣ್ತದೆ, ಮೇಷ್ಟ್ರೇ.”

ಎಲ್ಲರೂ ಹೋದ ಮೇಲೆ ನಾನು ಚೊಂಬನ್ನೆತ್ತಿಕೊಂಡು, ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ನಿಧಾನವಾಗಿ ನೀರು ಸುರಿದೆ. ಎರಡು ಕಾಲು ತೊಳೆಯುವುದಕ್ಕೆ ಬೇಕಾಗುವಷ್ಟು.